ಅಲುಗಿದ್ದರೆ ಏಳು

ಕೆ.ಜಿ. ರಸ್ತೆ, ಕೋರ್ಟಿನ ಬಗಲು.
ಜೆರಾಕ್ಸು, ಛಾಪಾಕಾಗದ, ಸ್ಪೈರಲ್ ಬೈಂಡಿಂಗು,
ಇವುಗಳ ನಡುವೆ ಒಂದು ಕುರ್ಚಿಯಷ್ಟು ಜಾಗ ನನ್ನದು.
ಮೂವತ್ತೆಂಟು ವರ್ಷದಿಂದ ಬೇರೆಯವರ ಮಾತು ಬಡಿಯುತ್ತಿದ್ದೇನೆ,
ಮೊದಲು ಕಬ್ಬಿಣದ ಮೇಲೆ, ಈಗ ಪ್ಲಾಸ್ಟಿಕ್ಕಿನ ಮೇಲೆ.
ಜೀವನಾಂಶ, ಜಾಮೀನು, ಬಾಡಿಗೆ ಕರಾರು,
ಯಾವುದಕ್ಕೂ ನನ್ನ ಅಭಿಪ್ರಾಯ ಯಾರೂ ಕೇಳಿದ್ದಿಲ್ಲ.

ಇವತ್ತು ಕೇಳಿದಳು,
ಲಾ ಕಾಲೇಜಿನ ಹುಡುಗಿ, ಜುವೇರಿಯಾ.
ನಾಳೆ ಅವರಲ್ಲಿ ಅಣಕು ನ್ಯಾಯಾಲಯವಂತೆ.
ಊಹೆಯ ರಾಜ್ಯ, ಊಹೆಯ ಕಾಯಿದೆ:
ಗರ್ಭ ತೆಗೆಸುವುದು ಪೂರಾ ನಿಷೇಧ.
ಶಿಕ್ಷೆ ಯಾರಿಗೆ? ಎಷ್ಟು?
ಚೀಟಿ ಎತ್ತಿದಾಗ ಅವಳಿಗೆ ಸರ್ಕಾರದ ಪರ ಬಂದಿದೆ.
"ಡಾಕ್ಟರಿಗೆ ಹತ್ತು ಹಾಕಿದೀನಿ ಆಂಟಿ,
ಮಾತ್ರೆ ಮಾರಿದವನಿಗೆ ಐದು.
ಅವಳಿಗೆ ಎಷ್ಟು ಅಂತ ಕೈ ಓಡ್ತಿಲ್ಲ.
ಸೊನ್ನೆ ಅಂದ್ರೆ ಎದುರಿನವರು ಕೇಳ್ತಾರೆ,
ಕೊಲೆ ಅಂತೀರಿ, ಮಾಡಿಸಿದವಳನ್ನ ಬಿಡ್ತೀರಾ ಅಂತ.
ಜಾಸ್ತಿ ಅಂದ್ರೆ... ನೀವೇ ಒಂದು ಅಂಕಿ ಹೇಳಿ."

ಕನ್ನಡಕ ತೆಗೆದು ಒರೆಸಿಕೊಂಡೆ.

ಅರವತ್ತೆಂಟನೇ ಇಸವಿ, ಕಾಟನ್‌ಪೇಟೆ.
ಈಗಿನ ಕಾಯಿದೆ ಇನ್ನೂ ಹುಟ್ಟಿರಲಿಲ್ಲ.
ವಠಾರದ ಆರನೇ ಮನೆ ಚೆನ್ನಾಜಮ್ಮ
ಸಾವಿರಕ್ಕೆ ಇಷ್ಟು ಅಂತ ಊದಿನಕಡ್ಡಿ ಹೊಸೆಯುವವಳು.
ನಾಲ್ಕು ಹೆತ್ತಿದ್ದಳು. ಐದನೆಯದಕ್ಕೆ
ಯಾರೋ ಕೊಟ್ಟ ಬೇರೆ ಕಡ್ಡಿ.
ವಾಣಿವಿಲಾಸದಲ್ಲಿ ಹನ್ನೊಂದು ದಿನ.
ಅರ್ಧ ರಕ್ತ ಹೋದವಳು ಓಡಿಹೋದಾಳೆಂದು
ಬಾಗಿಲಲ್ಲಿ ಒಬ್ಬ ಪೇದೆ.
ಪೇದೆಗೆ ಕಾಫಿ ತಂದುಕೊಡುತ್ತಿದ್ದವನು ಅವಳ ಗಂಡ.
ಆ ಪೇದೆಯೇ ಅವಳಿಗೆ ಕಾನೂನು ಕಲಿಸಿದ್ದು:
"ಸುಮ್ಮನೆ ಆದ್ರೆ ಮೂರು ವರ್ಷ.
ಒಳಗೆ ಅಲುಗಿದ್ರೆ ಏಳು."

ಅಲುಗಿತ್ತೋ ಇಲ್ಲವೋ,
ಇಡೀ ಬೆಂಗಳೂರಿಗೆ ಒಬ್ಬಳೇ ಸಾಕ್ಷಿ,
ಅವಳೇ ಆರೋಪಿ.
ಬಾಯಿ ಬಿಡಲಿಲ್ಲ,
ಪೊಲೀಸರ ಮುಂದಾಗಲಿ, ವಕೀಲರ ಮುಂದಾಗಲಿ,
ಗಂಜಿ ಕುಡಿಸುತ್ತಿದ್ದ ನನ್ನ ಅಮ್ಮನ ಮುಂದಾಗಲಿ.

ಮ್ಯಾಜಿಸ್ಟ್ರೇಟು ಕೆಟ್ಟವರಲ್ಲ.
ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದಿನ ಫೈಲು ಎತ್ತಿಕೊಂಡರು:
ಐವತ್ತು ರೂಪಾಯಿ ದಂಡ, ಕೋರ್ಟು ಏಳುವವರೆಗೆ ಸಜೆ.
ಅಂದರೆ ಸಂಜೆವರೆಗೆ ಬೆಂಚಿನ ಮೇಲೆ ಕೂತಿರು, ಅಷ್ಟೇ.
ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ.
ಕೂತಳು.
ಒಂಬತ್ತು ವರ್ಷದ ನಾನು ಅಮ್ಮನ ಸೆರಗು ಜಗಿಯುತ್ತ ಕೂತೆ.
ಐದಕ್ಕೆ ದಫೇದಾರ ಬಂದ, ಬಾಗಿಲು ಹಾಕುವ ಆತುರ.
"ಏಳು," ಅಂದ. "ಏಳು, ಏಳು."

ಚೆನ್ನಾಜಮ್ಮ ಏಳಲಿಲ್ಲ.
ಅವನ ಮುಖ ನೋಡುತ್ತ, ತುಂಬ ಮೆಲ್ಲಗೆ:
"ಅಲುಗಿದ್ದು ನಿಮಗೆ ಯಾರು ಹೇಳಿದ್ರು, ಸ್ವಾಮಿ?"

ದಫೇದಾರನಿಗೆ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯಿತು.
ದಾರಿಯುದ್ದ ಅವಳ ಕೈ ಹಿಡಿದುಕೊಂಡಿದ್ದಳು ಅಮ್ಮ,
ವಠಾರದ ಬಾಗಿಲು ಬಂದಾಗ ಬಿಟ್ಟಳು.
ಆಮೇಲೆ ಯಾವ ತೊಟ್ಟಿಲಿಗೂ
ಯಾರೂ ಚೆನ್ನಾಜಮ್ಮನನ್ನು ಕರೆಯಲಿಲ್ಲ.
ಆ ಸಜೆಗೆ ಕೋರ್ಟು ಏಳಲೇ ಇಲ್ಲ.

ನಾನೂ ಎರಡು ಹೆತ್ತವಳು.
ಮೊದಲ ಸಲ ಅಲುಗಿದ್ದು ಇದೇ ಜಾಗದಲ್ಲಿ,
ಯಾರದೋ ಕ್ರಯಪತ್ರದ ಮಧ್ಯೆ,
ಮಶೀನಿನ ಗಾಡಿ ಒಂದು ಹಲ್ಲು ಸರಿದ ಹಾಗೆ,
ಟಕ್.
ಅದು ಏನೂ ಅಲ್ಲ ಅನ್ನುವವರ ಜೊತೆ ನಾನಿಲ್ಲ.
ಅದಕ್ಕೆ ಇಷ್ಟು ವರ್ಷ ಅಂತ ಲೆಕ್ಕ ಕಟ್ಟುವವರ ಜೊತೆಯೂ ಕೂರಲಾರೆ.
ಮತ್ತೆಲ್ಲಿ ಕೂರುತ್ತೀಯ ಎಂದರೆ,
ಆ ಬೆಂಚಿನ ಮೇಲೆ, ಸಂಜೆವರೆಗೆ.

ಇದನ್ನೆಲ್ಲ ಹುಡುಗಿಗೆ ಹೇಳಲಿಲ್ಲ.
"ನಿನ್ನ ಪಟ್ಟಿಯಲ್ಲಿ ಕಾಫಿ ತಂದವನು ಕಾಣುತ್ತಿಲ್ಲ," ಅಂದೆ.
"ಯಾರು ಆಂಟಿ?"

ಟೈಪಿಸ್ಟು ತನ್ನದೊಂದು ಅಕ್ಷರ ಸೇರಿಸುವಂತಿಲ್ಲ.
ಜಾಗ ಬಿಡಬಹುದು.
'ಮಹಿಳೆ' ಎಂಬ ಸಾಲಿನ ಕೆಳಗೆ, ಅಂಕಿ ಬರಬೇಕಾದಲ್ಲಿ,
ಎಂಟರ್ ಒತ್ತಿದೆ. ಒತ್ತುತ್ತ ಹೋದೆ.
"ಅಯ್ಯೋ, ಒಂದು ಪುಟ ಜಾಸ್ತಿಯಾಯ್ತಲ್ಲ!"
"ಖಾಲಿ ಹಾಳೆಗೆ ದುಡ್ಡು ಬೇಡ ಬಿಡು.
ನಾಳೆ ಎದ್ದು ನಿಂತಾಗ
ನಿನಗೇ ಗೊತ್ತಾದರೆ, ತುಂಬು."